ಸಮತಟ್ಟಾದ ಹಾದಿಗೂ ಸಿದ್ಧತೆ ಬೇಕು

ಮಾನ್ಯ ಸಂಪಾದಕರೇ,

ಪತ್ರಿಕೆಗಳ ಪ್ರವಾಸ ಪುಟಗಳಲ್ಲಿ ಏರಿಳಿತವಿಲ್ಲದ ಪೈನ್ ಕಾಡಿನ ಹಾದಿಯನ್ನು ‘ಸುಲಭ’ ಎಂಬ ಒಂದೇ ಮಾತಿನಲ್ಲಿ ಪರಿಚಯಿಸಿ ಮುಗಿಸುವ ರೂಢಿಯಿದೆ. ಮಕ್ಕಳನ್ನು ಕರೆದೊಯ್ಯುವವರು, ವಯಸ್ಸಾದವರು, ಮೊದಲ ಸಲ ಚಾರಣಕ್ಕೆ ಹೊರಟವರು ಆರಿಸಿಕೊಳ್ಳುವುದು ಇಂಥ ಹಾದಿಯನ್ನೇ. ಆದ್ದರಿಂದ ಒಂದು ದಿನದ ನಡಿಗೆಗೆ ಬೇಕಾದ ಸಿದ್ಧತೆಯನ್ನೂ ಆ ಪುಟಗಳು ತಿಳಿಸಬೇಕೆಂದು ಕೋರಿ ಈ ಪತ್ರ ಬರೆಯುತ್ತಿದ್ದೇನೆ.

ಹೊತ್ತಿನ ಲೆಕ್ಕ ಸಮತಟ್ಟಿನಲ್ಲೂ ತಪ್ಪಬಹುದು. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಮುಂದಿಟ್ಟ ಸೂತ್ರದಂತೆ ಮೂರು ಮೈಲಿಗೆ ಒಂದು ಗಂಟೆ, 2,000 ಅಡಿ ಏರಿಗೆ ಮತ್ತೊಂದು ಗಂಟೆ ಹಿಡಿಯಬೇಕು. ಏರೇ ಇಲ್ಲವೆಂದಾಗ ಜನ ದೂರವನ್ನು ಹಿಗ್ಗಿಸಿಕೊಳ್ಳುತ್ತಾರೆ. ಆದರೆ ಆ ಸೂತ್ರ ಗಟ್ಟಿ ಕಾಲಿನವರಿಗೆ ಹೇಳಿದ್ದು, ಅದರಲ್ಲಿ ವಿಶ್ರಾಂತಿಗೆ ಜಾಗವಿಲ್ಲ. ಮಕ್ಕಳಿರುವ ಗುಂಪು ಗಂಟೆಗೆ 3 ಕಿ.ಮೀ. ನಡೆದರೆ 12 ಕಿ.ಮೀ.ಗೆ ನಾಲ್ಕು ಗಂಟೆ ಬೇಕು. ಊಟ, ವಿಶ್ರಾಂತಿ ಸೇರಿದರೆ ಐದೂವರೆ ಗಂಟೆಯೇ ಆದೀತು. ಹೋದ ದಾರಿಯಲ್ಲೇ ಹಿಂದಿರುಗುವುದಾದರೆ ಎಷ್ಟು ಗಂಟೆಗೆ ತಿರುಗಬೇಕೆಂಬುದನ್ನು ಹೊರಡುವ ಮೊದಲೇ ಗೊತ್ತುಮಾಡಿ, ಎಲ್ಲಿದ್ದರೂ ಆ ಹೊತ್ತಿಗೆ ತಿರುಗಬೇಕು. ದಟ್ಟವಾದ ಮರಗಳ ಕೆಳಗೆ ಸೂರ್ಯ ಮುಳುಗುವ ಮೊದಲೇ ಮಬ್ಬು ಕವಿಯುತ್ತದೆ.

ನನ್ನ ದೃಷ್ಟಿಯಲ್ಲಿ ಇದಕ್ಕಿಂತ ದೊಡ್ಡ ತೊಡಕು ಕಾಡಿನ ಏಕರೂಪತೆ. ನೆಟ್ಟು ಬೆಳೆಸಿದ ಪೈನ್ ಕಾಡಿನಲ್ಲಿ ಮರಗಳೆಲ್ಲ ಒಂದೇ ವಯಸ್ಸಿನವು, ಒಂದೇ ಎತ್ತರದವು, ಸಾಲು ಹಿಡಿದು ನಿಂತವು. ಗುರುತಿಗೆ ಒಂದು ಶಿಖರವಾಗಲಿ, ದಿಕ್ಕು ಹೇಳುವ ಇಳಿಜಾರಾಗಲಿ ಅಲ್ಲಿರುವುದಿಲ್ಲ. ಬೆಂಕಿ ಹರಡದಂತೆ ತೆರವು ಮಾಡಿದ ಬೆಂಕಿ ರೇಖೆಗಳು, ಮರ ಸಾಗಿಸುವ ಗಾಡಿದಾರಿಗಳು ಕಾಲುದಾರಿಯನ್ನು ಅಡ್ಡ ಹಾಯುತ್ತವೆ, ಹಲವು ಕಡೆ ಅದಕ್ಕಿಂತ ಸ್ಪಷ್ಟವಾಗಿಯೂ ಕಾಣುತ್ತವೆ. ಉದುರಿದ ಸೂಜಿ ಎಲೆಗಳು ಪದರ ಪದರವಾಗಿ ಹರಡಿ ದಾರಿಯನ್ನೂ ದಾರಿಯಲ್ಲದ್ದನ್ನೂ ಒಂದೇ ಕಂದುಬಣ್ಣಕ್ಕೆ ತರುತ್ತವೆ. ಹಾಗಾಗಿ ಪ್ರತಿ ಕವಲಿನಲ್ಲೂ ಒಮ್ಮೆ ಹಿಂದಿರುಗಿ ನೋಡಿ, ಮರಳುವಾಗ ಆ ಜಾಗ ಹೇಗೆ ಕಾಣುತ್ತದೆಂಬುದನ್ನು ಮನಸ್ಸಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು. ಮರದ ಕಾಂಡದ ಮೇಲಿನ ಬಣ್ಣದ ಗುರುತು ಬಹಳ ಹೊತ್ತಿನಿಂದ ಕಂಡಿಲ್ಲವೆಂದರೆ, ಮುಂದೆ ಸಿಕ್ಕೀತೆಂದು ನಡೆಯದೆ ಕೊನೆಯ ಗುರುತಿನವರೆಗೆ ಹಿಂದಕ್ಕೆ ಬರಬೇಕು. ನಕ್ಷೆಯನ್ನು ಮನೆಯಲ್ಲೇ ಮೊಬೈಲಿಗೆ ಇಳಿಸಿಕೊಂಡು, ಕಾಡಿನಲ್ಲಿ ಫೋನನ್ನು ಏರೋಪ್ಲೇನ್ ಮೋಡ್‌ನಲ್ಲಿಟ್ಟರೆ ಸಿಗ್ನಲ್ ಹುಡುಕುತ್ತಾ ಬ್ಯಾಟರಿ ಬರಿದಾಗುವುದು ತಪ್ಪುತ್ತದೆ. ಕಾಡಿನ ಯಾವ ಅಂಚಿನಲ್ಲಿ ರಸ್ತೆಯಿದೆ ಎಂಬುದು ತಿಳಿದಿದ್ದರೆ, ಒಂದು ದಿಕ್ಸೂಚಿಯಿಂದಲೇ ಹೊರಬರಬಹುದು.

ಇನ್ನು ನೆಲದ ವಿಷಯ. ಒಣಗಿದ ಸೂಜಿ ಎಲೆ ನುಣುಪಾಗಿರುವುದರಿಂದ ಸಮತಟ್ಟಿನಲ್ಲೂ ಕಾಲು ಜಾರುತ್ತದೆ, ಅದರಡಿಯಲ್ಲಿ ಅಡಗಿದ ಬೇರು ಎಡವಿಸುತ್ತದೆ. ಭಾರದ ಬೂಟು ಬೇಕಿಲ್ಲ, ಹಿಡಿತವಿರುವ, ಕಾಲಿಗೆ ಪಳಗಿದ ಷೂ ಸಾಕು. ಮರಳು ಮಿಶ್ರಿತ ನೆಲದಲ್ಲಿ ಪೈನ್ ಚೆನ್ನಾಗಿ ಬೆಳೆಯುತ್ತದೆ. ಅಂಥ ನೆಲದಲ್ಲಿ ನೀರು ಬೇಗ ಇಂಗಿಹೋಗುವುದರಿಂದ ತೊರೆ ಸಿಕ್ಕೀತೆಂದು ನೆಚ್ಚಿಕೊಳ್ಳಬಾರದು. ಹದವಾದ ಹವೆಯಲ್ಲಿ ತಲೆಗೆ ಗಂಟೆಗೆ ಅರ್ಧ ಲೀಟರ್, ಸೆಕೆಯಲ್ಲಿ ಇನ್ನೂ ಹೆಚ್ಚು ನೀರು ಹೊತ್ತೊಯ್ಯಬೇಕು. ಜೋರು ಗಾಳಿಯ ದಿನ ಒಣಗೊಂಬೆಗಳು ಮುರಿದು ಬೀಳುವುದರಿಂದ ಹೊರಡದಿರುವುದೇ ಲೇಸು.

ಬೆಂಕಿಯ ಬಗ್ಗೆ ಯಾವ ರಿಯಾಯಿತಿಯೂ ಸಲ್ಲದು. ಪೈನ್ ಮರದ ರಾಳವೂ ಒಣ ಎಲೆಯ ಹಾಸೂ ಬಲುಬೇಗ ಹೊತ್ತಿಕೊಳ್ಳುತ್ತವೆ. ಆರದ ಒಂದು ಸಿಗರೇಟಿನ ತುಂಡು ಸಾಕು. ಒಲೆ ಹಚ್ಚುವ ಯೋಚನೆ ಬಿಟ್ಟು ಬುತ್ತಿ ಕಟ್ಟಿಕೊಂಡು ಹೋಗಬೇಕು. ಬೇಸಿಗೆಯಲ್ಲಿ ದಾರಿ ಮುಚ್ಚಿರುವುದೂ ಉಂಟಾದ್ದರಿಂದ ಹಿಂದಿನ ದಿನವೇ ಆ ಕಾಡನ್ನು ನೋಡಿಕೊಳ್ಳುವ ಕಚೇರಿಯಲ್ಲಿ ವಿಚಾರಿಸುವುದು ಅಗತ್ಯ.

ಮುಂದೆ ಇಂಥ ಹಾದಿಗಳ ಬಗ್ಗೆ ಲೇಖನ ಪ್ರಕಟಿಸುವಾಗ ಒಟ್ಟು ದೂರ, ನೀರು ಸಿಗುವ ಜಾಗ, ಮೊಬೈಲ್ ಸಿಗ್ನಲ್ ಎಲ್ಲಿಯವರೆಗೆ ಸಿಗುತ್ತದೆ, ದಾರಿ ಮುಚ್ಚುವ ತಿಂಗಳುಗಳು ಯಾವುವು ಎಂಬುದನ್ನು ಪಕ್ಕದ ಚೌಕದಲ್ಲಿ ಕೊಡಬೇಕೆಂದು ವಿನಂತಿ. ಯಾವ ದಾರಿಯಲ್ಲಿ ಹೋಗುತ್ತೇವೆ, ಎಷ್ಟು ಹೊತ್ತಿಗೆ ಬರುತ್ತೇವೆ, ಬಾರದಿದ್ದರೆ ಯಾರಿಗೆ ಫೋನ್ ಮಾಡಬೇಕು ಎಂಬುದನ್ನು ಮನೆಯವರಿಗೆ ಬರೆದಿಟ್ಟು ಹೊರಡುವಂತೆಯೂ ಅದೇ ಚೌಕದಲ್ಲಿ ಓದುಗರಿಗೆ ಸೂಚಿಸಬೇಕು.

ಇತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ