ಸೆಂಟರ್ ಸ್ಪೀಕರ್ ದೂರು: ನಮ್ಮ ಅಮ್ಮನ ಕಿವಿ ಸರಿಯಾಗಿಯೇ ಇದೆ

ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರಿಗೆ,

ನಮಸ್ಕಾರ.

ಐದು ಸಲ ಫೋನ್ ಮಾಡಿದೆ, ಮೂರು ಮೇಲ್ ಕಳಿಸಿದೆ. ಒಂದರಲ್ಲೂ ದನಿ ಏರಿಸಿಲ್ಲ. ಸೆಂಟರ್ ಸ್ಪೀಕರ್ ಬದಲಿಸಲು ಆಗಲ್ಲ ಅಂತ ನಿನ್ನೆ ನಿಮ್ಮಿಂದ ಬಂದ ಉತ್ತರ ಓದಿದ ಮೇಲೆ ಇನ್ನು ಸುಮ್ನೆ ಇರಲು ಆಗುತ್ತಿಲ್ಲ.

ಮನೆಯಲ್ಲಿ ಸಿನಿಮಾ ನೋಡಲು ಇಟ್ಟಿರುವ ಮುಂದಿನ ಎಡ, ಬಲ ಸ್ಪೀಕರ್ ಎರಡೂ ನಿಮ್ಮವೇ. ಅದೇ ಸರಣಿಯ ಸೆಂಟರ್, ಅಂದರೆ ಆ ಎರಡರ ನಡುವೆ ಇಡುವ ಸ್ಪೀಕರ್, ಬೇಕು ಅಂತ ನಿಮ್ಮ ಮಳಿಗೆಗೆ ಬಂದಿದ್ದೆ. ಅದು ತ್ರೀ-ವೇ, ದನಿಯನ್ನು ಮೂರು ಭಾಗ ಮಾಡಿ ನುಡಿಸುವಂಥದ್ದು. ತಗ್ಗು ದನಿಯ ಎರಡು ವೂಫರ್ ನಡುವೆ ನಡು ದನಿಯ ಒಂದು ಮಿಡ್‌ರೇಂಜ್, ಅದರ ನೇರ ಮೇಲೆ ಏರು ದನಿಯ ಟ್ವೀಟರ್. ಸ್ಟಾಕ್ ಇಲ್ಲ ಅಂದರು. ಬದಲಿಗೆ ಕೆಳಗಿನ ಸರಣಿಯ ಟೂ-ವೇ ಮುಂದಿಟ್ಟರು. ಅಡ್ಡ ಪೆಟ್ಟಿಗೆ, ಎರಡು ತುದಿಗೆ ದನಿ ಹೊರಡಿಸುವ ಎರಡು ಡ್ರೈವರ್, ನಡುವೆ ಟ್ವೀಟರ್. ನನ್ನ ಸ್ಪೀಕರ್‌ಗಳ ಟ್ವೀಟರ್‌ಗೆ ಬಟ್ಟೆಯ ಡೋಮ್ (ಗುಮ್ಮಟದಂಥ ಮುಖ), ಇದರದ್ದು ಅಲ್ಯೂಮಿನಿಯಂ, ದನಿ ಬೇರೆ ಆಗಲ್ವಾ ಅಂತ ಕೇಳಿದೆ. "ಎಲ್ಲಾ ನಮ್ಮ ಕಂಪನೀದೇ ಸರ್, ಉಳಿದದ್ದು ರಿಸೀವರ್ ನೋಡ್ಕೊಳ್ಳುತ್ತೆ" ಅಂದರು (ರಿಸೀವರ್ ಅಂದರೆ ಸ್ಪೀಕರ್‌ಗಳಿಗೆಲ್ಲ ದನಿ ಹಂಚುವ ಯಂತ್ರ). ನಂಬಿದೆ. ಮುಂದಿನ ಮೂರೂ ಸ್ಪೀಕರ್ ಒಂದೇ ಸರಣಿಯದ್ದಾಗಿರಲಿ ಎಂದು ನಿಮ್ಮ ಕೈಪಿಡಿಯಲ್ಲೇ ಅಚ್ಚಾಗಿರುವುದು ಮನೆಗೆ ಬಂದು ಡಬ್ಬ ತೆಗೆದ ಮೇಲೆ ಗೊತ್ತಾಯಿತು.

ಜೋಡಿಸಿದ್ದರಲ್ಲಿ ತಪ್ಪು ಹುಡುಕಬೇಡಿ. ಪೆಟ್ಟಿಗೆ ಕಪಾಟಿನ ಅಂಚಿಗೆ ಬಂದಿದೆ, ಮುಖ ಕಿವಿಯ ಮಟ್ಟಕ್ಕೆ ವಾಲಿದೆ. ರಿಸೀವರ್‌ನ ಮೈಕ್ ಇಟ್ಟು ಅಳತೆ ಮಾಡಿಸಿದ್ದೇನೆ. ಕ್ರಾಸ್‌ಓವರ್, ಅಂದರೆ ಅದಕ್ಕಿಂತ ತಗ್ಗಿನ ದನಿ ಸೆಂಟರ್‌ಗೆ ಹೋಗದಂತೆ ಇಟ್ಟ ಗಡಿ, 80 ಹರ್ಟ್ಜ್‌ಗೆ ಇದೆ. ಸೆಂಟರ್ ಮಟ್ಟ 3 ಡೆಸಿಬೆಲ್ ಏರಿಸಿಯೂ ನೋಡಿದೆ. ಮಾತು ಜೋರಾಯಿತು, ತಿಳಿಯಾಗಲಿಲ್ಲ.

ಸಿನಿಮಾದ ಮಾತೆಲ್ಲ ಹೆಚ್ಚುಕಡಿಮೆ ಸೆಂಟರ್‌ನಿಂದಲೇ ಬರುತ್ತದೆ. ನಡುವೆ ಕೂತ ನನಗೆ ಅದು ಕೇಳಿಸುತ್ತದೆ. ನಮ್ಮ ಅಮ್ಮ ಕೂರುವ ಕುರ್ಚಿ ನಡುವಿನಿಂದ ಸುಮಾರು 30 ಡಿಗ್ರಿ ಪಕ್ಕಕ್ಕಿದೆ. ಅವರಿಗೆ ಮಾತು ಕಲಸಿಹೋಗುತ್ತದೆ. ಯಾಕೆ ಅಂತ ನಿಮ್ಮ ಎಂಜಿನಿಯರುಗಳಿಗೆ ಗೊತ್ತಿಲ್ಲದೇ ಇರುತ್ತದೆಯೇ? ಆ ಎರಡು ಡ್ರೈವರ್‌ಗಳ ನಡುವೆ 30 ಸೆಂಟಿಮೀಟರ್ ಇದೆ. ಅಮ್ಮನ ಕುರ್ಚಿಗೆ ಒಂದರ ದನಿ ಇನ್ನೊಂದಕ್ಕಿಂತ 15 ಸೆಂಟಿಮೀಟರ್ ಜಾಸ್ತಿ ದೂರ ಬರಬೇಕು. ಸುಮಾರು 1,140 ಹರ್ಟ್ಜ್‌ನಲ್ಲಿ ಅದು ಸರಿಯಾಗಿ ಅರ್ಧ ಅಲೆ, ಒಂದರ ಏರು ಇನ್ನೊಂದರ ಇಳಿವಿಗೆ ಎದುರಾಗುತ್ತದೆ. ಅಲ್ಲಿ ಎರಡೂ ಒಂದನ್ನೊಂದು ಅಳಿಸಿಹಾಕುತ್ತವೆ. 2,500 ಹರ್ಟ್ಜ್ ತನಕ ಎರಡೂ ಡ್ರೈವರ್ ಒಂದೇ ದನಿ ನುಡಿಸುತ್ತವೆ ಎಂದು ನಿಮ್ಮ ಕೈಪಿಡಿಯೇ ಹೇಳುತ್ತದೆ. ಮಾತು ಬಿಡಿಸಿ ತಿಳಿಯಲು ಬೇಕಾದ ದನಿ ಇರುವುದೂ ಆ ಆಸುಪಾಸಿನಲ್ಲೇ. ನಾನು ಕೇಳಿದ್ದ ತ್ರೀ-ವೇಯಲ್ಲಿ ಆ ಭಾಗವನ್ನು ಒಂದೇ ಮಿಡ್‌ರೇಂಜ್ ನುಡಿಸುತ್ತದೆ, ಅಳಿಸಲು ಜೊತೆಗೆ ಇನ್ನೊಂದಿಲ್ಲ.

ಒಂದು ರಾತ್ರಿ, ಎರಡೂ ಡ್ರೈವರ್ ಅಮ್ಮನ ಕುರ್ಚಿಗೆ ಹೆಚ್ಚುಕಡಿಮೆ ಒಂದೇ ದೂರ ಆಗಲಿ ಅಂತ, ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ ಒಂದು ದೃಶ್ಯ ಹಾಕಿದೆ. ಅಮ್ಮ ಅದೇ ಕುರ್ಚಿಯಲ್ಲಿ ಕೂತು ಪ್ರತಿ ಮಾತನ್ನೂ ತಿರುಗಿ ಹೇಳಿದರು. ಆದರೆ ಹಾಗೇ ಬಿಟ್ಟರೆ ಅರ್ಧ ಪರದೆ ಮುಚ್ಚುತ್ತದೆ.

ಇದನ್ನೆಲ್ಲ 9ನೇ ದಿನವೇ ಫೋನಿನಲ್ಲಿ ಹೇಳಿದ್ದೆ. ನಿಮ್ಮ ತಂತ್ರಜ್ಞರು ಬಂದದ್ದು 33ನೇ ದಿನ, ಶನಿವಾರ ಬೆಳಗ್ಗೆ.

ಬಂದವರು ನೇರ ನಡುವಿನ ಸೀಟಿನಲ್ಲಿ ಕೂತರು. ತಮ್ಮ ಫೋನಿನಿಂದ ಒಂದು ಹಾಡು ಹಾಕಿದರು. "ಕ್ಲಿಯರ್ ಆಗಿದೆಯಲ್ಲ ಸರ್" ಅಂದರು. ರಿಸೀವರ್ ಮೇಲೆ ಸ್ಟೀರಿಯೋ ಅಂತ ಕಾಣಿಸುತ್ತಿತ್ತು, ಅಂದರೆ ದನಿ ಎಡ, ಬಲ ಸ್ಪೀಕರ್‌ಗೆ ಮಾತ್ರ. ಸೆಂಟರ್ ಮೇಲೆ ಕೈಯಿಟ್ಟೆ. ಕೋನ್ ಅಲುಗಾಡುತ್ತಿರಲಿಲ್ಲ. ಇದು ನುಡೀತಾನೇ ಇಲ್ಲ ಅಂದೆ. "ನುಡೀತಿದೆ ಸರ್, ಕೇಳ್ತಾ ಇದೆಯಲ್ಲ" ಅಂದರು. ಹಿಂದೆ ಕೈ ಹಾಕಿ ಅದರ ವೈರ್ ಕಿತ್ತು ತೋರಿಸಿದೆ. ಹಾಡು ಹಾಗೇ ಮುಂದುವರಿಯಿತು. ಅವರು ವೈರ್ ನೋಡಿದರು, ನನ್ನನ್ನು ನೋಡಿದರು. ಆಮೇಲೆ ಅಮ್ಮನ ಕಡೆ ತಿರುಗಿದರು.

"ಅಜ್ಜಿಗೆ ವಯಸ್ಸೆಷ್ಟು?"

ಕೇಳಿದ್ದು ನನ್ನನ್ನು. ಅಮ್ಮ ಅಲ್ಲೇ ಕೂತಿದ್ದರು. ಎಪ್ಪತ್ತೊಂದು ಅಂತ ಅವರೇ ಹೇಳಿದರು. ಆಗ ಆತ ಬಗ್ಗಿ, ಇಡೀ ಮನೆಗೆ ಕೇಳುವ ಹಾಗೆ, "ಅಜ್ಜೀ, ಕೇಳಿಸ್ತಾ ಇದೆಯಾ?" ಎಂದು ಕೂಗಿದರು.

"ನಿನ್ನ ಮಾತು ಕೇಳಿಸ್ತಪ್ಪ, ಕೂಗಬೇಡ. ಆ ಪೆಟ್ಟಿಗೆ ಮಾತೇ ತಿಳಿಯಲ್ಲ" ಅಂದರು ಅಮ್ಮ.

ಒಂದು ನಿಮಿಷ ಅಮ್ಮನ ಕುರ್ಚಿಯಲ್ಲಿ ಕೂತು ಒಂದು ದೃಶ್ಯ ಕೇಳಿ ಎಂದು ಬೇಡಿಕೊಂಡೆ. ಹೌದು, ಬೇಡಿಕೊಂಡೆ. "ಸೈಡಿಂದ ಟೆಸ್ಟ್ ಮಾಡೋ ರೂಲ್ ಇಲ್ಲ ಸರ್" ಎಂದು ಫಾರಂ ತುಂಬಿ ಸಹಿಗೆ ಕೊಟ್ಟರು. ಅದರಲ್ಲಿ ಬರೆದದ್ದನ್ನು ನಾನು ಗಟ್ಟಿಯಾಗಿ ಓದಿಬಿಟ್ಟೆ: "ಸ್ಪೀಕರ್‌ನಲ್ಲಿ ದೋಷವಿಲ್ಲ. ಗ್ರಾಹಕರ ಮನೆಯವರಿಗೆ ಕಿವಿ ಮಂದ." ಅಮ್ಮ ಎದ್ದು ಒಳಗೆ ಹೋದರು. ಅವತ್ತಿನಿಂದ ನಾವು ಸಿನಿಮಾ ಹಾಕಿದರೆ ಅವರು ಕೋಣೆಯಿಂದ ಹೊರಗೆ ಬರುತ್ತಿಲ್ಲ. ಎರಡು ದಿನ ಬಿಟ್ಟು ಅವರ ಕಿವಿ ಪರೀಕ್ಷೆ ಮಾಡಿಸಿದೆ. ಏನೂ ತೊಂದರೆ ಇಲ್ಲ ಅಂದಿದ್ದಾರೆ. ವರದಿಯ ಪ್ರತಿ ಇದರ ಜೊತೆಗಿದೆ. ಅವರಿಗೆ ಧೈರ್ಯ ಬರಲಿ ಅಂತ ಮಾಡಿಸಿದ್ದು, ನಿಮಗೆ ತೋರಿಸಲು ಅಲ್ಲ.

ಹೊಂದದಿದ್ದರೆ 30 ದಿನದೊಳಗೆ ಬದಲಿ ಕೊಡುವುದು ನಿಮ್ಮದೇ ನಿಯಮ. ಬಿಲ್ಲಿನ ಹಿಂದೆ ಇದೆ, ನಾನು ಹೇಳಿಕೊಡಬೇಕಾಗಿಲ್ಲ. ನಿನ್ನೆಯ ಮೇಲ್‌ನಲ್ಲಿ ನೀವು ಬರೆದದ್ದು "30 ದಿನ ಮುಗಿದಿದೆ" ಅಂತ. 24 ದಿನ ಕಾಯಿಸಿದವರು ಯಾರು? ದೂರು ಕೊಟ್ಟ ತಾರೀಕು ನಿಮ್ಮ ದಾಖಲೆಯಲ್ಲೇ ಇದೆ.

ಈ ಪೆಟ್ಟಿಗೆ ವಾಪಸ್ ತೆಗೆದುಕೊಂಡು ನಾನು ಮೊದಲು ಕೇಳಿದ್ದ ಸೆಂಟರ್ ಕೊಡಿ. ಹೆಚ್ಚಿನ ಹಣ ಕಟ್ಟುತ್ತೇನೆ. ಆದರೆ ಅಷ್ಟಕ್ಕೇ ಮುಗಿಯಿತು ಅಂದುಕೊಳ್ಳಬೇಡಿ. ಆ ಫಾರಂನಲ್ಲಿ ಅಮ್ಮನ ಬಗ್ಗೆ ಬರೆದ ಸಾಲು ಹೋಗಬೇಕು. ಅದು ತಪ್ಪು ಎಂದು ಅಮ್ಮನ ಹೆಸರಿಗೇ ಪತ್ರ ಬರಬೇಕು. ಏಳು ದಿನ ಕಾಯುತ್ತೇನೆ. ಎಂಟನೇ ದಿನ ಗ್ರಾಹಕ ನ್ಯಾಯಾಲಯಕ್ಕೆ ಹೋಗುತ್ತೇನೆ. ಆ ಫಾರಂ, ಕೈಪಿಡಿಯ ಆ ಪುಟ, ವೈರ್ ಕಿತ್ತಾಗ ನನ್ನ ಮಗಳು ತೆಗೆದ ವಿಡಿಯೋ, ಎಲ್ಲ ಒಂದೇ ಕಡತದಲ್ಲಿ ಸಿದ್ಧ ಇವೆ. ವಿಡಿಯೋದಲ್ಲಿ ನಿಮ್ಮವರು ಕೂಗಿದ್ದೂ ಸ್ಪಷ್ಟವಾಗಿ ಕೇಳುತ್ತದೆ.

ಇಂತಿ,
ನಿಮ್ಮ ಮೂರು ಸ್ಪೀಕರ್ ಕೊಂಡ ಗ್ರಾಹಕ