ಗಂಡುಮಕ್ಕಳ ಈ ನೋವಿಗೆ ಬೆಳಗಿನವರೆಗೆ ಕಾಯಬೇಡಿ

ಮಾನ್ಯ ಸಂಪಾದಕರೇ,

ಸ್ಕ್ಯಾನಿಂಗ್ ಅಂದರೆ ಬಸುರಿಯರಿಗೆ ಮಾತ್ರ ಅನ್ನೋ ನಂಬಿಕೆ ನಮ್ಮ ಕಡೆ ಇನ್ನೂ ಇದೆ. ಬೀಜದ (ವೃಷಣದ) ನೋವಿಗೂ ಸ್ಕ್ಯಾನ್ ಮಾಡುತ್ತಾರೆಂದು ಎಷ್ಟೋ ಗಂಡಸರಿಗೆ ಗೊತ್ತೇ ಇಲ್ಲ.

ನನ್ನ ಅಕ್ಕನ ಮಗ ಒಂಬತ್ತನೇ ಕ್ಲಾಸು. ರಾತ್ರಿ ಕಿಬ್ಬೊಟ್ಟೆ ನೋವು, ವಾಂತಿ. ಎಲ್ಲಿ ನೋವು ಅಂತ ಹೇಳಲು ಅವನಿಗೆ ನಾಚಿಕೆ. ಅಕ್ಕ ಓಂಕಾಳು ಕಷಾಯ ಕೊಟ್ಟು ಮಲಗಿಸಿದಳು. ಬೆಳಿಗ್ಗೆ ಸಕಲೇಶಪುರದಿಂದ ಹಾಸನಕ್ಕೆ ಕರೆದೊಯ್ದೆವು. ಡಾಪ್ಲರ್ ಸ್ಕ್ಯಾನಿನ ಪರದೆಯಲ್ಲಿ ಬಲಗಡೆಯ ವೃಷಣದೊಳಗೆ ಕೆಂಪು, ನೀಲಿ ಚುಕ್ಕೆಗಳು ಮಿಣುಕುತ್ತಿದ್ದವು. ಅದು ರಕ್ತ ಹರಿಯುವ ಗುರುತು. ಎಡಗಡೆಯದು ಬರೀ ಬೂದು. ಒಂದು ಚುಕ್ಕೆಯೂ ಇಲ್ಲ! ವೃಷಣಕ್ಕೆ ರಕ್ತ ಒಯ್ಯುವ ಹುರಿ ತಿರುಚಿಕೊಂಡಿತ್ತು. ನೋವು ಶುರುವಾದ ಸುಮಾರು 6 ಗಂಟೆಯೊಳಗೆ ಆಪರೇಷನ್ ಆದರೆ ಹೆಚ್ಚಿನವರಿಗೆ ವೃಷಣ ಉಳಿಯುತ್ತದೆ. ನಮ್ಮ ಹುಡುಗನದು ಉಳಿಯಲಿಲ್ಲ.

12ರಿಂದ 18 ವಯಸ್ಸಿನವರಲ್ಲೇ ಇದು ಜಾಸ್ತಿ. ಈ ಸ್ಕ್ಯಾನಿಗೆ ಸೂಜಿ ಇಲ್ಲ, ಎಕ್ಸ್‌ರೇಯಂಥ ವಿಕಿರಣವೂ ಇಲ್ಲ. ಗಂಟು, ನೀರು ತುಂಬಿದ ಊತ, ಉಬ್ಬಿದ ರಕ್ತನಾಳ ಎಲ್ಲವೂ ಇದರಲ್ಲಿ ಕಾಣುತ್ತವೆ. ಆದರೆ ದಿಢೀರ್ ನೋವು ಬಂದಾಗ ಸ್ಕ್ಯಾನಿಗೇ ಕಾಯುತ್ತಾ ಕೂರಬಾರದು. ಸೀದಾ ಸರ್ಜನ್ ಹತ್ತಿರ ಹೋಗಬೇಕು.

ಹೈಸ್ಕೂಲಿನಲ್ಲಿ ಹೆಣ್ಣುಮಕ್ಕಳನ್ನು ಕೂರಿಸಿಕೊಂಡು ಮುಟ್ಟಿನ ಬಗ್ಗೆ ಹೇಳುತ್ತಾರೆ. ಅದು ಬೇಕಾದದ್ದೇ. ಗಂಡುಮಕ್ಕಳಿಗೂ ಪಿ.ಟಿ. ಮೇಷ್ಟ್ರು ಅರ್ಧ ಗಂಟೆ ಇದನ್ನು ಹೇಳಬಹುದು, ಅಲ್ವಾ? ತಾಲ್ಲೂಕು ಆಸ್ಪತ್ರೆಗಳಲ್ಲಿ ರಾತ್ರಿಯೂ ಸ್ಕ್ಯಾನಿಂಗ್ ಸಿಗುವಂತೆ ಆರೋಗ್ಯ ಇಲಾಖೆ ವ್ಯವಸ್ಥೆ ಮಾಡಲಿ.

– ಒಬ್ಬ ಕಾಫಿ ಬೆಳೆಗಾರ, ಸಕಲೇಶಪುರ ತಾಲ್ಲೂಕು