ಮಗಳಿಗೊಂದು ಪತ್ರ: ಮೊದಲು ಬೀಳುವುದನ್ನು ಕಲಿ

ಪುಟ್ಟಿ,

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ಆಗಲೇ ಉತ್ತರ ಹೇಳಬಹುದಿತ್ತು. ಆದರೆ ನೀನು ಬಸ್ಸಿನಲ್ಲಿದ್ದೆ, ನಾನು ಒಲೆಯ ಮೇಲೆ ಹಾಲಿಟ್ಟಿದ್ದೆ. ಅವಸರದಲ್ಲಿ ಹೇಳುವ ಮಾತಲ್ಲ ಅನ್ನಿಸಿತು. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಮೂರು ವರ್ಷದಿಂದ ಒಂದು ದಿನ ತಪ್ಪಿಸದೆ ಜಿಮ್‌ಗೆ ಹೋಗುತ್ತಿದ್ದೀಯ. ಮುಂದಿನ ವರ್ಷ ಬಾಡಿಬಿಲ್ಡಿಂಗ್ ಸ್ಪರ್ಧೆಯ ಸ್ಟೇಜ್ ಮೇಲೆ ನಿಲ್ಲುವ ಆಸೆ ನಿನಗಿದೆ. ಜೊತೆಗೆ ಒಂದು ಮಾರ್ಷಲ್ ಆರ್ಟ್ ಕಲಿಯಬೇಕು, ಬಾಕ್ಸಿಂಗಾ, ಮುವಾಯ್ ಥಾಯಾ, ಜಿಯು ಜಿಟ್ಸುನಾ, ಜೂಡೋನಾ ಅಂತ ಕೇಳಿದೆ. "ಅವ್ವ, ನೀನು ಜೂಡೋ ಅಂತಾನೇ ಹೇಳ್ತೀಯ ಬಿಡು" ಅಂತಲೂ ಅಂದೆ. ಹೌದು, ಜೂಡೋ ಅಂತಲೇ ಹೇಳುತ್ತೇನೆ. ಶಾಲೆಯಲ್ಲಿ ಅಷ್ಟು ವರ್ಷ ಅದನ್ನೇ ಕಲಿಸಿದೆ ಅಂತಲ್ಲ. ನಿನ್ನ ಮೈಯಲ್ಲಿ ಈಗ ಏನಿದೆ, ಏನಿಲ್ಲ ಅಂತ ನೋಡಿ ಹೇಳುತ್ತಿದ್ದೇನೆ.

ನಿನ್ನ ಅಜ್ಜನ ಕಾಲದಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ಅವನು ಬೆಳಗಿನ ಜಾವ ತಾಲೀಮಿಗೆ ಹೋಗುತ್ತಿದ್ದ. ದಂಡ ಹೊಡೆಯುವುದು, ಬೈಠಕ್, ಗದೆ ತಿರುಗಿಸುವುದು, ಕಲ್ಲಿನ ಗುಂಡು ಎತ್ತುವುದು, ಆಮೇಲೆ ಅದೇ ಕೆಮ್ಮಣ್ಣಿನಲ್ಲಿ ಕುಸ್ತಿ. ಮೈ ಕಟ್ಟುವುದು ಬೇರೆ, ಕುಸ್ತಿ ಹಿಡಿಯುವುದು ಬೇರೆ ಅಂತ ಅವನಿಗೆ ಗೊತ್ತೇ ಇರಲಿಲ್ಲ. ನಾನು ಹಾಲಿನ ತಂಬಿಗೆ ಹಿಡಿದು ಹೊಸ್ತಿಲ ತನಕ ಹೋಗುತ್ತಿದ್ದೆ. ಹನುಮಪ್ಪನ ಫೋಟೋ ಇರುವ ಜಾಗ, ಹೆಣ್ಣುಮಕ್ಕಳು ಒಳಗೆ ಬರಬಾರದು ಅಂತಿದ್ದರು. ಎಷ್ಟು ಸಲ ಕೇಳಿದರೂ ಅಪ್ಪ ಆ ಒಂದು ಮಾತಿನಲ್ಲಿ ಬಗ್ಗಲಿಲ್ಲ. ಆ ನೋವು ನನಗೆ ಇವತ್ತಿಗೂ ಇದೆ. 26ನೇ ವಯಸ್ಸಿನಲ್ಲಿ ದೈಹಿಕ ಶಿಕ್ಷಕರ ಶಿಬಿರವೊಂದರಲ್ಲಿ ಮೊದಲ ಸಲ ಜೂಡೋ ಮ್ಯಾಟ್ ಮೇಲೆ ಕಾಲಿಟ್ಟಾಗ, ಆ ಹೊಸ್ತಿಲು ದಾಟಿದೆ ಅಂತಲೇ ಅನ್ನಿಸಿತ್ತು.

ಆ ಶಿಬಿರದಲ್ಲಿ ಮೊದಲ ವಾರ ಏನು ಕಲಿಸಿದರು ಗೊತ್ತಾ? ಬೀಳುವುದನ್ನು. ಬರೀ ಬೀಳುವುದನ್ನು. ಜಪಾನಿ ಭಾಷೆಯಲ್ಲಿ ಉಕೆಮಿ ಅನ್ನುತ್ತಾರೆ. ಹಿಂದಕ್ಕೆ ಬೀಳುವಾಗ ಗದ್ದ ಎದೆಗೆ ಅಂಟಿರಬೇಕು, ಕಣ್ಣು ಸೊಂಟದ ಬೆಲ್ಟಿನ ಗಂಟಿನ ಮೇಲಿರಬೇಕು. ಹಾಗಿದ್ದರೆ ತಲೆ ನೆಲಕ್ಕೆ ಬಡಿಯುವುದಿಲ್ಲ. ಬೆನ್ನು ಗುಂಡಗಿರಬೇಕು. ಬೆನ್ನು ತಾಗುವ ಹೊತ್ತಿಗೆ ಎರಡೂ ಕೈಗಳು, ಅಂಗೈ ಕೆಳಗಾಗಿ, ಮೈಯಿಂದ ಸ್ವಲ್ಪ ದೂರದಲ್ಲಿ ಮ್ಯಾಟಿಗೆ ಬಡಿಯಬೇಕು. ಉಸಿರು ಹೊರಗೆ ಬಿಡಬೇಕು. ಪೆಟ್ಟು ಒಂದೇ ಕಡೆ ಕೂರದೆ ತೋಳಿಗೆಲ್ಲ, ಬೆನ್ನಿಗೆಲ್ಲ ಹಂಚಿಹೋಗುತ್ತದೆ. ಮೊದಲು ಕುಕ್ಕರಗಾಲಲ್ಲಿ ಕೂತು, ಆಮೇಲೆ ನಿಂತು, ಆಮೇಲೆ ಯಾರಾದರೂ ಎಸೆದಾಗ. ನೂರು ಸಲ, ಸಾವಿರ ಸಲ.

ನನಗೆ ಬೇಜಾರಾಗಿತ್ತು. ನಾನಾಗ ಗಟ್ಟಿಮುಟ್ಟಾಗಿದ್ದೆ, ಕೈಗೆ ಬಲ ಇತ್ತು. ನಾಲ್ಕನೇ ವಾರ ದಣಿದಿದ್ದರೂ ಹಠಕ್ಕೆ ಬಿದ್ದು ಇನ್ನೊಂದು ಸುತ್ತು ಆಡಿದೆ. ಎದುರಿನವಳು ಎಸೆದಳು. ಬೀಳಲು ಮನಸ್ಸು ಒಪ್ಪದೆ ಕೈ ಊರಿದೆ. ಮೊಣಕೈ ಕೀಲು ತಪ್ಪಿತು. ಎಡಗೈ ಯಾಕೆ ಪೂರ್ತಿ ನೆಟ್ಟಗಾಗುವುದಿಲ್ಲ ಅಂತ ನೀನು ಚಿಕ್ಕವಳಿದ್ದಾಗ ಕೇಳುತ್ತಿದ್ದೆಯಲ್ಲ, ಅದು ಆವತ್ತಿನದು.

ನಿನ್ನ ವಿಷಯದಲ್ಲಿ ನನಗಿರುವ ಹೆದರಿಕೆ ಇದೇ, ಪುಟ್ಟಿ. ಬಲ ಇರುವವರು ಬೀಳಲು ಒಪ್ಪುವುದಿಲ್ಲ. ಜಿಮ್‌ನಲ್ಲಿ ನೀನು ಮೂರು ವರ್ಷ ಕಲಿತದ್ದು ಬಿಗಿಯಾಗಿ ನಿಲ್ಲುವುದನ್ನು. ಭಾರ ಹೊತ್ತು ಕೂತೇಳುವ ಸ್ಕ್ವಾಟ್‌ಗೆ, ನೆಲದಿಂದ ಭಾರ ಎತ್ತುವ ಡೆಡ್‌ಲಿಫ್ಟ್‌ಗೆ ಅದು ಬೇಕೇ ಬೇಕು. ಆದರೆ ಕಾಲು ಜಾರಿದಾಗ ಅದೇ ಬಿಗಿಯಲ್ಲಿ ಕೈ ಊರಿದರೆ ಮಣಿಕಟ್ಟು, ಮೊಣಕೈ, ಭುಜ ಇವುಗಳಲ್ಲಿ ಒಂದು ಹೋಗುತ್ತದೆ. ಹೋದ ವರ್ಷ ಮಳೆಯಲ್ಲಿ ನಾನು ಗುಡಿಯ ಮೆಟ್ಟಿಲ ಮೇಲೆ ಜಾರಿದೆ. ಗದ್ದ ತಾನಾಗಿಯೇ ಎದೆಗೆ ಬಂತು, ಕೈ ತಾನಾಗಿಯೇ ಪಕ್ಕಕ್ಕೆ ಬಡಿಯಿತು. ಮುಂಗೈ ಎರಡು ದಿನ ಕೆಂಪಗಿತ್ತು, ಅಷ್ಟೇ. ಅದೇ ತಿಂಗಳು ನನ್ನ ಓರಗೆಯವರೊಬ್ಬರು ಮನೆಯ ಬಚ್ಚಲಲ್ಲಿ ಜಾರಿ, ಕೈ ಊರಿ, ಮಣಿಕಟ್ಟು ಮುರಿದುಕೊಂಡರು. ಬೇರೆ ಯಾವ ಕಲೆಯೂ ಬೀಳುವುದಕ್ಕೆ ಇಷ್ಟು ಸಮಯ ಕೊಡುವುದನ್ನು ನಾನು ಕಂಡಿಲ್ಲ.

ಉಳಿದವನ್ನು ನಾನು ತಳ್ಳಿಹಾಕುತ್ತಿಲ್ಲ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಮೇರಿ ಕೋಮ್ ಕಂಚು ಗೆದ್ದಾಗ ನಾವಿಬ್ಬರೂ ಟಿವಿ ಮುಂದೆ ಕುಣಿದದ್ದು ನೆನಪಿದೆ ಅಲ್ವಾ? ಹೆಣ್ಣುಮಕ್ಕಳ ಬಾಕ್ಸಿಂಗ್ ಒಲಿಂಪಿಕ್ಸ್‌ಗೆ ಬಂದದ್ದೇ ಆ ಸಲ. ಬಾಕ್ಸಿಂಗ್ ಕಾಲಿನ ನಡೆ ಕಲಿಸುತ್ತದೆ, ದಮ್ಮು ಬೆಳೆಸುತ್ತದೆ. ಆದರೆ ನೀನು ಈಗಾಗಲೇ ಬೆಂಚ್ ಪ್ರೆಸ್, ಶೋಲ್ಡರ್ ಪ್ರೆಸ್ ಅಂತ ಭುಜದ ಮುಂಭಾಗವನ್ನು ಸಾಕಷ್ಟು ದುಡಿಸುತ್ತೀಯ. ಅದರ ಮೇಲೆ ದಿನಾ ನೂರಾರು ಪಂಚ್ ಬಿದ್ದರೆ ಭುಜ ಸುಮ್ನೆ ಇರುವುದಿಲ್ಲ. ತಲೆಗೆ ಪೆಟ್ಟು ತಿನ್ನುವುದಕ್ಕೆ ತಾಯಿಯಾಗಿ ನಾನು ಹೂಂ ಅನ್ನಲಾರೆ. ಕಾಲಿನಿಂದಲೂ ಒದೆಯುವ ಥಾಯ್ಲೆಂಡಿನ ಮುವಾಯ್ ಥಾಯ್‌ನಲ್ಲಿ ಮೊಣಕಾಲ ಕೆಳಗಿನ ಮೂಳೆ ಬಾತುಕೊಂಡರೆ ನಿನ್ನ ಲೆಗ್ ಡೇ, ಅಂದರೆ ಕಾಲಿನ ವ್ಯಾಯಾಮದ ದಿನ, ವಾರಗಟ್ಟಲೆ ಹೋಗುತ್ತದೆ. ಕೇರಳದ ಹಳೆಯ ಯುದ್ಧಕಲೆ ಕಳರಿ ನನಗೆ ಬಹಳ ಇಷ್ಟ. ಅಲ್ಲಿನ ವಡಕರದ ಮೀನಾಕ್ಷಿ ಅಮ್ಮ 70 ದಾಟಿದ ಮೇಲೂ ಸೀರೆಯುಟ್ಟು ಕತ್ತಿ ಹಿಡಿಯುತ್ತಿದ್ದರು, 2017ರಲ್ಲಿ ಪದ್ಮಶ್ರೀ ಬಂತು. ಆದರೆ ಕಳರಿ ದಿನವೂ ಕೇಳುತ್ತದೆ, ವರ್ಷಗಟ್ಟಲೆ ಕೇಳುತ್ತದೆ. ಜಿಮ್ ಜೊತೆಗೆ ವಾರಕ್ಕೆರಡು ದಿನ ಕೊಟ್ಟರೆ ಅದಕ್ಕೆ ಸಾಲದು. ಕುಸ್ತಿ ಆಗಿದ್ದರೆ ನಿನ್ನ ಅಜ್ಜನ ಮನೆಯದೇ. ಹಳಿಯಾಳದ ಕಡೆ ಹುಡುಗಿಯರು ಈಗ ಎಷ್ಟು ಚೆಂದ ಕುಸ್ತಿ ಹಿಡಿಯುತ್ತಾರೆ! ಆದರೆ 27ಕ್ಕೆ ಶುರು ಮಾಡುವವಳಿಗೆ, ಕೆಲಸ ಮುಗಿಸಿ ಸಂಜೆ ಏಳಕ್ಕೆ ಬರುವವಳಿಗೆ, ಕಲಿಸುವವರು ಸಿಗುವುದು ಕಷ್ಟ.

ಬ್ರೆಜಿಲಿಯನ್ ಜಿಯು ಜಿಟ್ಸು ಜೂಡೋದ ಮನೆಯಿಂದಲೇ ಹೊರಟದ್ದು. ಮಿತ್ಸುಯೋ ಮಯೇದಾ ಎಂಬ ಜೂಡೋ ಪಟು 1914ರಲ್ಲಿ ಬ್ರೆಜಿಲ್‌ಗೆ ಹೋದ. ಅಲ್ಲಿ ಅವನಿಂದ ಕಲಿತ ಗ್ರೇಸಿ ಮನೆತನ ಅದನ್ನು ಬೆಳೆಸಿತು. ಆಟ ಜಾಸ್ತಿ ನೆಲದ ಮೇಲೆ. ಜೂಡೋ ಕ್ಲಾಸ್ ನಿನಗೆ ದೂರವಾದರೆ ಇದನ್ನೇ ಹಿಡಿ, ನನ್ನ ಅಡ್ಡಿಯಿಲ್ಲ. ಬೀಳುವುದನ್ನು ಮಾತ್ರ ಕೇಳಿ ಕಲಿತುಕೋ.

ಇನ್ನು ನಿನ್ನ ಜಿಮ್ ಮೈ ಜೂಡೋಗೆ ಏನು ಕೊಡುತ್ತದೆ ಅಂತ ಹೇಳುತ್ತೇನೆ. ಓ ಗೋಶಿ ಅಂತ ಒಂದು ಪಟ್ಟು ಇದೆ, ಶುರುವಿನಲ್ಲೇ ಕಲಿಸುತ್ತಾರೆ. ಎದುರಿನವಳನ್ನು ಸೊಂಟದ ಮೇಲೆ ಹೇರಿ ಎಸೆಯುವುದು. ನಿನ್ನ ಸೊಂಟ ಅವಳ ಸೊಂಟಕ್ಕಿಂತ ಕೆಳಗಿರಬೇಕು, ಮೊಣಕಾಲು ಬಗ್ಗಿರಬೇಕು, ಆಮೇಲೆ ಕಾಲಿನಿಂದ ಏಳಬೇಕು. ಸ್ಕ್ವಾಟ್ ಮಾಡುವವಳಿಗೆ ಇದು ಬೇಗ ಒಗ್ಗುತ್ತದೆ. ಎಳೆಯುವ ಬಲ ನಿನ್ನ ಬೆನ್ನಿನಲ್ಲಿ ಈಗಾಗಲೇ ಇದೆ. ಆದರೆ ದೆ ಆಶಿ ಬರಾಯಿ ಅಂತ ಇನ್ನೊಂದು ಪಟ್ಟು ಇದೆ. ಎದುರಿನವಳು ಹೆಜ್ಜೆ ಇಡುತ್ತಿರುವಾಗ, ಪಾದದ ಮೇಲೆ ಪೂರ್ತಿ ಭಾರ ಬೀಳುವ ಮೊದಲು, ಅದನ್ನು ಗುಡಿಸಿಹಾಕುವುದು. ಅರ್ಧ ಗಳಿಗೆ ಮುಂಚೆ ಆದರೂ ಇಲ್ಲ, ಆಮೇಲೆ ಆದರೂ ಇಲ್ಲ. ಅಲ್ಲಿ ನಿನ್ನ ಡೆಡ್‌ಲಿಫ್ಟ್ ಕೆಲಸಕ್ಕೆ ಬರುವುದಿಲ್ಲ. ಆ ಪಟ್ಟು ಮೊದಲ ಸಲ ಕೂಡಿಬಂದಾಗ ನಿನ್ನ ಮುಖ ನೋಡಬೇಕು ಅಂತ ನನಗೆ ಆಸೆ.

ಮೊದಲ ಮೂರು ತಿಂಗಳು ನಿನ್ನ ಬಲವೇ ನಿನಗೆ ಅಡ್ಡ ಬರುತ್ತದೆ. ತೋಳು ಚಾಚಿ, ಬಿಗಿ ಮಾಡಿ, ಎದುರಿನವಳನ್ನು ದೂರ ಇಡಲು ನೋಡುತ್ತೀಯ. ಬಲಶಾಲಿಗಳೆಲ್ಲ ಮಾಡುವ ತಪ್ಪು ಇದು. ಜೂಡೋದ 'ಜೂ' ಅಂದರೆ ಮೆದು, ಬಗ್ಗುವುದು. ಜಿಗೋರೋ ಕಾನೋ 1882ರಲ್ಲಿ ಟೋಕಿಯೋದ ಒಂದು ಬೌದ್ಧ ಮಂದಿರದಲ್ಲಿ ಬೆರಳೆಣಿಕೆಯ ಶಿಷ್ಯರೊಂದಿಗೆ ಇದನ್ನು ಶುರು ಮಾಡಿದಾಗ ಅವರಿಗೆ 21 ವರ್ಷ, ಆಳು ಕುಳ್ಳ. ಅವರ ಶಿಷ್ಯೆ ಕೇಕೋ ಫುಕುದಾ 5 ಅಡಿಯೂ ಇರಲಿಲ್ಲ. ಹೆಣ್ಣು ಅನ್ನುವ ಕಾರಣಕ್ಕೆ ಆಕೆಯನ್ನು ವರ್ಷಗಟ್ಟಲೆ 5ನೇ ಡಾನ್‌ನಲ್ಲೇ (ಡಾನ್ ಅಂದರೆ ಬ್ಲ್ಯಾಕ್ ಬೆಲ್ಟಿನ ದರ್ಜೆ) ನಿಲ್ಲಿಸಿದ್ದರು. 2011ರಲ್ಲಿ, 98ನೇ ವಯಸ್ಸಿನಲ್ಲಿ, ಅಮೆರಿಕದಲ್ಲಿ ಆಕೆಗೆ 10ನೇ ಡಾನ್ ಸಿಕ್ಕಿತು. ಅದನ್ನು ಓದಿದ ದಿನ ನಾನು ಅಳುತ್ತಾ ಕೂತಿದ್ದೆ. ತಂಬಿಗೆ ಹಿಡಿದು ನಿಂತ ಹೊಸ್ತಿಲು ಕಣ್ಣಿಗೆ ಬಂತು. 2018ರಲ್ಲಿ ನಮ್ಮ ಬೆಳಗಾವಿ ಜಿಲ್ಲೆಯ ಮಲಪ್ರಭಾ ಜಾಧವ್ ಏಷ್ಯನ್ ಗೇಮ್ಸ್‌ನ ಕುರಾಶ್‌ನಲ್ಲಿ ಕಂಚು ತಂದಾಗಲೂ ಹಾಗೇ ಆಯಿತು. ಕುರಾಶ್ ಉಜ್ಬೇಕಿಸ್ತಾನದ ಕುಸ್ತಿ. ಆ ಹುಡುಗಿ ಅಲ್ಲಿಗೆ ಹೋದದ್ದು ಜೂಡೋ ಕಲಿತು.

ಜೂಡೋ ಮಾಡಿದರೆ ಮಸಲ್ ಕರಗುತ್ತದೆಯೋ ಅಂತ ಕೇಳಿದೆಯಲ್ಲ. 1980ರಲ್ಲಿ ಅಮೆರಿಕದ ರಾಬರ್ಟ್ ಹಿಕ್ಸನ್ 10 ವಾರ ಒಂದು ಪ್ರಯೋಗ ಮಾಡಿದರು. ಭಾರ ಎತ್ತುವುದು, ದಮ್ಮಿನ ವ್ಯಾಯಾಮ ಎರಡನ್ನೂ ಜೋರಾಗಿ, ಹೆಚ್ಚುಕಡಿಮೆ ದಿನವೂ ಮಾಡಿದವರ ಬಲ ಏಳೆಂಟು ವಾರ ಏರಿತು, ಆಮೇಲೆ ಇಳಿಯಿತು. ಅವರು ಮಾಡಿದ್ದು ಬಹಳ ಜಾಸ್ತಿ. ನೀನು ವಾರಕ್ಕೆ ಎರಡೇ ದಿನ ಹೋಗು. ಜೂಡೋ ಪಂದ್ಯ 4 ನಿಮಿಷದ್ದು, ಉದ್ದದ ಓಟದ ಹಾಗಲ್ಲ. ಬ್ಯಾಕ್ ಡೇ, ಅಂದರೆ ಬೆನ್ನಿನ ವ್ಯಾಯಾಮದ ದಿನದ ಮರುದಿನ ಜೂಡೋ ಇಟ್ಟುಕೊಳ್ಳಬೇಡ, ಎದುರಿನವಳ ಅಂಗಿ ಹಿಡಿಯಲು ಬೆರಳಲ್ಲಿ ಬಲವೇ ಉಳಿದಿರುವುದಿಲ್ಲ. ಜೂಡೋ ದಿನ ಒಂದು ರೊಟ್ಟಿ ಜಾಸ್ತಿ ತಿನ್ನು. ಮತ್ತೆ, ಇದು ಮುಖ್ಯ: ಸ್ಟೇಜ್‌ಗೆ 10 ವಾರ ಇರುವಾಗ ರಂಡೋರಿ, ಅಂದರೆ ಎದುರುಬದುರು ಆಟ, ನಿಲ್ಲಿಸಿಬಿಡು. ಸ್ಪರ್ಧೆಗೆ ಮುಂಚೆ ಕೊಬ್ಬು ಇಳಿಸುವ ಕಟಿಂಗ್‌ನಲ್ಲಿ ಊಟ ಕಡಿಮೆ, ನಿದ್ದೆ ಕಡಿಮೆ, ಗಮನ ಕಡಿಮೆ. ನನ್ನ ಕೀಲು ತಪ್ಪಿದ್ದೂ ದಣಿದಾಗಲೇ. ಆ ವಾರಗಳಲ್ಲಿ ಬರೀ ಬೀಳುವ ಅಭ್ಯಾಸ ಸಾಕು.

ಫೀಸ್ ಕಟ್ಟುವ ಮೊದಲು ಒಂದು ಕ್ಲಾಸ್ ಕೂತು ನೋಡು. ಹೊಸಬರನ್ನು ಮೊದಲ ದಿನವೇ ಆಡಲು ಬಿಟ್ಟರೆ ಎದ್ದು ಬಾ. ಸಿಮೆಂಟ್ ನೆಲದ ಮೇಲೆ ತೆಳ್ಳನೆಯ ಫೋಮ್ ಹಾಸಿದ್ದರೂ ಎದ್ದು ಬಾ. ಮ್ಯಾಟ್ ತಟ್ಟಿ 'ಸಾಕು' ಅಂದಾಗ ತಕ್ಷಣ ಬಿಡುತ್ತಾರಾ ನೋಡು. ಚಿಕ್ಕ ಹುಡುಗಿಯ ಜೊತೆ ದೊಡ್ಡ ಗಂಡಸರು ಹೇಗೆ ಆಡುತ್ತಾರೆ ನೋಡು. ಅಷ್ಟು ನೋಡಿದರೆ ಗುರು ಎಂಥವರು ಅಂತ ಗೊತ್ತಾಗಿಬಿಡುತ್ತದೆ.

ಪಂಚಮಿಗೆ ಬರುತ್ತೀಯಲ್ಲ, ಎರಡು ದಿನ ರಜೆ ಜಾಸ್ತಿ ಹಾಕು. ಶೇಂಗಾ ಉಂಡಿ, ಎಳ್ಳಿನ ಉಂಡಿ ಮಾಡಿಟ್ಟಿರುತ್ತೇನೆ, ನಿನ್ನ ಡಯಟ್‌ಗೆ ಎಷ್ಟು ಹಿಡಿಸುತ್ತದೋ ಅಷ್ಟು ತಿನ್ನು. ಹೊರಗೆ ಮಳೆ ಇರುತ್ತದೆ. ಪಡಸಾಲೆಯಲ್ಲಿ ದಪ್ಪ ಗಾದಿ ಎರಡು ಜೋಡಿಸಿ ಹಾಸುತ್ತೇನೆ. ಮೊದಲು ನಾನು ಬಿದ್ದು ತೋರಿಸುತ್ತೇನೆ, ಆಮೇಲೆ ನೀನು. ಉಗುರು ಕತ್ತರಿಸಿಕೊಂಡು ಬಾ.

ನಿನ್ನ
ಅವ್ವ